ಚಕ್ರದಿಂದ ‘ಗುಂಯ್’ ಸದ್ದು ಬಂದರೆ ಗ್ರೀಸ್ ಹಾಕಿದರೆ ಸಾಕೇ? ವೀಲ್ ಬೇರಿಂಗ್ ಬಗ್ಗೆ ತಪ್ಪು ನಂಬಿಕೆಗಳು ಮತ್ತು ನಿಜಾಂಶ

ಕಾರು 40 ಕಿ.ಮೀ. ವೇಗ ದಾಟಿದ ಕೂಡಲೇ ಒಂದು ಚಕ್ರದ ಕಡೆಯಿಂದ ‘ಗುಂಯ್’ ಎಂಬ ಸದ್ದು ಶುರುವಾಗುತ್ತದೆ. ವೇಗ ಹೆಚ್ಚಿದಂತೆ ಸದ್ದು ಏರುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ಇದನ್ನು ನಾಲ್ಕು ಜನರಿಗೆ ಹೇಳಿ ನೋಡಿ, ನಾಲ್ಕು ಉತ್ತರ ಬರುತ್ತದೆ. ಒಬ್ಬರು ಟೈರ್ ಸದ್ದು, ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಇನ್ನೊಬ್ಬರು ಗ್ರೀಸ್ ಹಾಕಿಸಿ ಎನ್ನುತ್ತಾರೆ. ಮೂರನೆಯವರು ಇವತ್ತೇ ಚಕ್ರ ಕಳಚಿ ಬೀಳುತ್ತದೆ ಎಂದು ಹೆದರಿಸುತ್ತಾರೆ. ನಾಲ್ಕನೆಯವರು ನಾಲ್ಕೂ ಬೇರಿಂಗ್ ಬದಲಿಸಿಬಿಡಿ ಎನ್ನುತ್ತಾರೆ.

ಈ ನಾಲ್ಕೂ ಸಲಹೆಗಳಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ, ಪೂರ್ತಿ ನಿಜ ಯಾವುದರಲ್ಲೂ ಇಲ್ಲ. ಮೊದಲಿಗೇ ಚಿಕ್ಕದಾಗಿ ಹೇಳುವುದಾದರೆ: ಸವೆದ ವೀಲ್ ಬೇರಿಂಗ್ ರಿಪೇರಿಯಾಗುವ ವಸ್ತುವಲ್ಲ, ಬದಲಿಸಲೇಬೇಕು. ಆದರೆ ಬದಲಿಸುವ ಮೊದಲು ಸದ್ದು ಬೇರಿಂಗಿನದೇ, ಯಾವ ಚಕ್ರದ್ದು ಎಂದು ಖಚಿತಪಡಿಸಿಕೊಳ್ಳಬೇಕು. ಬದಲಿಸುವಾಗ ಸರಿಯಾದ ವಿಧಾನ ಅನುಸರಿಸದಿದ್ದರೆ ಹೊಸ ಬೇರಿಂಗ್ ಕೂಡ ಬೇಗನೆ ಹಾಳಾಗುತ್ತದೆ. ಇವುಗಳ ಹಿಂದಿನ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಬದನಗುಪ್ಪೆಯಂಥ ಊರಿನಲ್ಲಿ ಇದು ಯಾಕೆ ಮುಖ್ಯ?

ಚಾಮರಾಜನಗರ–ನಂಜನಗೂಡು ರಸ್ತೆಯ ಬದನಗುಪ್ಪೆಯನ್ನೇ ತೆಗೆದುಕೊಳ್ಳಿ. ಪಕ್ಕದಲ್ಲೇ ಕೈಗಾರಿಕಾ ಪ್ರದೇಶವಿದೆ, ಊರಿನ ಸುತ್ತ ಹೊಲ ಗದ್ದೆಗಳಿವೆ. ದೊಡ್ಡ ಆಸ್ಪತ್ರೆಗೆಂದು ಕೆಲವೊಮ್ಮೆ ಮೈಸೂರಿನ ಕಡೆ ಹೋಗಬೇಕಾಗುತ್ತದೆ. ಇಂಥ ಊರುಗಳಲ್ಲಿ ಸಣ್ಣ ಕಾರು ಎಂದರೆ ಕಚೇರಿಗೆ ಹೋಗುವ ಗಾಡಿ ಮಾತ್ರವಲ್ಲ. ಮದುವೆಗೆ ಐದಾರು ಜನರನ್ನು ಹೊರುವುದೂ ಅದೇ, ಗೊಬ್ಬರದ ಚೀಲ ತರುವುದೂ ಅದೇ, ರಾತ್ರಿ ಹೊತ್ತಿನಲ್ಲಿ ಆಂಬುಲೆನ್ಸ್ ಆಗುವುದೂ ಅದೇ.

ದಕ್ಷಿಣಕ್ಕೆ ಹೋದರೆ ರಸ್ತೆಯ ಸ್ವಭಾವವೇ ಬೇರೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳು ಹುಲಿ ಸಂರಕ್ಷಿತ ಅರಣ್ಯದ ಒಳಗೆ ಸಾಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋದರೆ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಒಂದು ಚಕ್ರದ ಬೇರಿಂಗ್ ಕೈಕೊಡಲು ಇದಕ್ಕಿಂತ ಕೆಟ್ಟ ಜಾಗಗಳು ಬೇರೆ ಬೇಕಿಲ್ಲ. ಸಮಾಧಾನದ ಸಂಗತಿಯೆಂದರೆ ಬೇರಿಂಗ್ ಸಾಮಾನ್ಯವಾಗಿ ಒಮ್ಮೆಲೇ ಕೈಕೊಡುವುದಿಲ್ಲ. ಮೊದಲೇ ಸದ್ದು ಮಾಡಿ ತಿಳಿಸುತ್ತದೆ. ಆ ಸದ್ದನ್ನು ಗುರುತಿಸಲು ನಮಗೆ ಬರಬೇಕು ಅಷ್ಟೇ.

ಬೇರಿಂಗ್ ಒಳಗೆ ಏನಿದೆ?

ಎತ್ತಿನ ಗಾಡಿ ನೋಡಿದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಅಲ್ಲಿ ಅಚ್ಚಿನ ಮೇಲೆ ಚಕ್ರದ ಗುಂಬ ನೇರವಾಗಿ ಉಜ್ಜಿಕೊಂಡು ತಿರುಗುತ್ತದೆ. ಉಜ್ಜಾಟ ಕಡಿಮೆ ಮಾಡಲು ಆಗಾಗ ಕೀಲೆಣ್ಣೆ ಹಚ್ಚಬೇಕು. ಬಾಲ್ ಬೇರಿಂಗಿನಲ್ಲಿ ಈ ಉಜ್ಜುವಿಕೆಯ ಜಾಗದಲ್ಲಿ ಉರುಳುವಿಕೆ ಬರುತ್ತದೆ. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಉಕ್ಕಿನ ಬಳೆ, ನಡುವೆ ನುಣುಪಾದ ಹಾದಿಯಲ್ಲಿ ಉರುಳುವ ಉಕ್ಕಿನ ಗುಂಡುಗಳು. ಗಾಡಿಯ ಅಚ್ಚಿಗೆ ಇಂಥ ಗುಂಡುಗಳನ್ನು ಬಳಸುವ ವಿಧಾನಕ್ಕೆ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಫಿಲಿಪ್ ವಾನ್ ಎಂಬವರು 1794ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದರೆ ಬಾಲ್ ಬೇರಿಂಗಿನ ಕಲ್ಪನೆ ಕಾರಿಗಿಂತ ಹಳೆಯದು.

ಇಂದಿನ ಹೆಚ್ಚಿನ ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿ ಎರಡು ಸಾಲು ಗುಂಡುಗಳಿರುವ ಬೇರಿಂಗ್ ಇರುತ್ತದೆ. ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಎರಡೂ ಬದಿಗೆ ರಬ್ಬರ್ ಸೀಲ್ ಹಾಕಿ ಮುಚ್ಚಿರುತ್ತಾರೆ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ದಪ್ಪ ಲೋಹದ ಭಾಗವೇ ನಕಲ್. ಬೇರಿಂಗನ್ನು ಅದರೊಳಗೆ ಒತ್ತಿ ಕೂರಿಸಿರುತ್ತಾರೆ. ಬೇರಿಂಗಿನ ಒಳಗೆ ಹಬ್ ಇರುತ್ತದೆ, ಹಬ್‌ಗೆ ಚಕ್ರದ ಬೋಲ್ಟುಗಳು.

ಈ ಸಣ್ಣ ವಸ್ತುವಿನ ದುಡಿಮೆ ಎಷ್ಟು ಎಂದು ಲೆಕ್ಕ ಹಾಕೋಣ. 12 ಇಂಚಿನ ರಿಮ್‌ನ 145/80 ಅಳತೆಯ ಟೈರ್ ಸಣ್ಣ ಕಾರುಗಳಲ್ಲಿ ಸಾಮಾನ್ಯ. ಅದರ ಸುತ್ತಳತೆ ಸುಮಾರು 1.7 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಚಕ್ರ ಸುಮಾರು 600 ಸುತ್ತು ತಿರುಗುತ್ತದೆ. 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 10 ಸುತ್ತು. ಚಾಮರಾಜನಗರದಿಂದ ಮೈಸೂರಿಗೆ ಸುಮಾರು 60 ಕಿ.ಮೀ., ಒಂದು ಸಲ ಹೋಗುವಷ್ಟರಲ್ಲಿ 36,000 ಸುತ್ತು. ಗುಂಡು ಉರುಳುವ ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ತಗ್ಗು ಬಿದ್ದಿದ್ದರೂ ಅಷ್ಟೂ ಸುತ್ತಿನಲ್ಲಿ ಗುಂಡುಗಳು ಅದರ ಮೇಲೆ ಹಾಯಬೇಕು. ನಾವು ಕೇಳುವ ‘ಗುಂಯ್’ ಇಂಥ ಸಾವಿರಾರು ಚಿಕ್ಕ ಬಡಿತಗಳು ಸೇರಿ ಆದ ಸದ್ದು.

ಬೇರಿಂಗ್ ಯಾಕೆ ಸವೆಯುತ್ತದೆ?

ಮೊದಲ ಕಾರಣ ಭಾರ. ಬಾಲ್ ಬೇರಿಂಗುಗಳ ಆಯುಷ್ಯಕ್ಕೆ ಎಂಜಿನಿಯರುಗಳು ಬಳಸುವ ಒಂದು ಸೂತ್ರವಿದೆ. ಭಾರ ಎಷ್ಟು ಪಟ್ಟು ಹೆಚ್ಚುತ್ತದೋ ಅದರ ಘನದಷ್ಟು ಪಟ್ಟು ಆಯುಷ್ಯ ತಗ್ಗುತ್ತದೆ. ಭಾರ ಎರಡು ಪಟ್ಟಾದರೆ ಆಯುಷ್ಯ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಚಕ್ರದ ಮೇಲೆ 200 ಕಿಲೋ ಇರಬೇಕಾದ ಕಡೆ 250 ಕಿಲೋ ಬಿದ್ದರೆ, ಅಂದರೆ ಕಾಲು ಭಾಗ ಮಾತ್ರ ಹೆಚ್ಚಾದರೆ, ಆಯುಷ್ಯ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಒಂದು ದಿನ ಹೆಚ್ಚು ಭಾರ ಹಾಕಿದರೆ ಏನೂ ಆಗದು, ದಿನವೂ ಹಾಕಿದರೆ ಈ ಲೆಕ್ಕ ಕೆಲಸ ಮಾಡುತ್ತದೆ.

ಎರಡನೆಯದು ಹೊಡೆತ. ಗುಂಡಿಗೆ ಜೋರಾಗಿ ಇಳಿದಾಗ, ಕಾಣದ ಹಂಪ್ ಹಾರಿಸಿದಾಗ ಗುಂಡುಗಳು ಬಳೆಯ ಹಾದಿಗೆ ಒತ್ತಿ ಸಣ್ಣ ತಗ್ಗು ಮಾಡುತ್ತವೆ. ಲೋಹದ ಗಡಸುತನ ಅಳೆಯುವ ವಿಧಾನವನ್ನು 1900ರಲ್ಲಿ ಪರಿಚಯಿಸಿದ ಸ್ವೀಡನ್ನಿನ ಎಂಜಿನಿಯರ್ ಬ್ರಿನೆಲ್ ಅವರ ಹೆಸರಿನಿಂದ ಈ ಹಾನಿಗೆ ಬ್ರಿನೆಲಿಂಗ್ ಎನ್ನುತ್ತಾರೆ. ರಸ್ತೆಯ ಅಂಚು ಕಿತ್ತುಹೋದ ಕಡೆ ಟಿಪ್ಪರಿಗೆ ದಾರಿ ಬಿಡಲು ಎಡಚಕ್ರ ಕೆಳಗಿಳಿಸಿ ಮತ್ತೆ ಹತ್ತಿಸುವಾಗ ಬೀಳುವ ಹೊಡೆತವೂ ಇದೇ ಬಗೆಯದು.

ಮೂರನೆಯದು ನೀರು ಮತ್ತು ದೂಳು. ಸೀಲ್ ಹಳತಾದ ಮೇಲೆ, ಹಬ್ ಮುಳುಗುವಷ್ಟು ನೀರಿನಲ್ಲಿ ಗಾಡಿ ಇಳಿಸಿದರೆ ನೀರು ಒಳಗೆ ಸೇರಬಹುದು. ಗ್ರೀಸ್ ಕೆಡುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಹೈ ಪ್ರೆಷರ್ ಪೈಪನ್ನು ಹಬ್‌ನ ಸೀಲಿಗೇ ಗುರಿಯಿಟ್ಟು ಹಿಡಿಯುವುದೂ ಒಳ್ಳೆಯದಲ್ಲ.

ನಾಲ್ಕನೆಯದು, ಹಿಂದಿನ ಸಲ ತಪ್ಪಾಗಿ ಕೂರಿಸಿದ್ದು. ಬದಲಿಸಿ ಕೆಲವೇ ತಿಂಗಳಲ್ಲಿ ಮತ್ತೆ ಸದ್ದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಇದರ ಬಗ್ಗೆ ಮುಂದೆ ಹೇಳುತ್ತೇವೆ.

ಸದ್ದು ಬೇರಿಂಗಿನದೇ? ಓಡಿಸುವಾಗ ಗಮನಿಸಬೇಕಾದದ್ದು

ಚಕ್ರದ ಕಡೆಯಿಂದ ಬರುವ ಎಲ್ಲ ಸದ್ದೂ ಬೇರಿಂಗಿನದಲ್ಲ. ತಪ್ಪು ಊಹೆಯಿಂದ ಒಳ್ಳೆಯ ಬೇರಿಂಗ್ ಬದಲಿಸಿದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ. ಈ ಕೆಳಗಿನ ವ್ಯತ್ಯಾಸಗಳು ನೆನಪಿರಲಿ.

ಎಂಜಿನ್ನೋ ಚಕ್ರವೋ: ಬೇರಿಂಗಿನ ಸದ್ದು ಗಾಡಿಯ ವೇಗದ ಜೊತೆ ಬದಲಾಗುತ್ತದೆ, ಎಂಜಿನ್ ವೇಗದ ಜೊತೆ ಅಲ್ಲ. ಒಂದೇ ವೇಗದಲ್ಲಿ ನಾಲ್ಕನೇ ಗೇರಿನಿಂದ ಮೂರಕ್ಕೆ ಬಂದಾಗ ಸದ್ದು ಹಾಗೇ ಇದ್ದರೆ ಅದು ಎಂಜಿನ್ನಿನದಲ್ಲ. ಖಾಲಿ, ಸಮತಟ್ಟು ರಸ್ತೆಯಲ್ಲಿ ಕ್ಷಣಕಾಲ ನ್ಯೂಟ್ರಲ್ ಮಾಡಿಯೂ ನೋಡಬಹುದು. ಆದರೆ ಓಡುವಾಗ ಎಂಜಿನ್ ಆಫ್ ಮಾಡಲೇಬೇಡಿ. ಬ್ರೇಕ್ ಗಟ್ಟಿಯಾಗುತ್ತದೆ, ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಇಳಿಜಾರಿನಲ್ಲಿ ನ್ಯೂಟ್ರಲ್ ಪರೀಕ್ಷೆ ಬೇಡವೇ ಬೇಡ.

ಟೈರೋ ಬೇರಿಂಗೋ: ಏರುಪೇರಾಗಿ ಸವೆದ ಟೈರ್ ಹೆಚ್ಚು ಕಡಿಮೆ ಬೇರಿಂಗಿನಂತೆಯೇ ಸದ್ದು ಮಾಡುತ್ತದೆ. ಮೋಸಹೋಗುವುದು ಹೆಚ್ಚಾಗಿ ಇಲ್ಲೇ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಸದ್ದಿನ ಬಗೆ ಬದಲಾದರೆ ಟೈರ್ ಇರಬಹುದು. ಟೈರಿನ ಮೈ ಮೇಲೆ ಅಂಗೈ ಸವರಿ ನೋಡಿ, ಗರಗಸದಂತೆ ಏರುತಗ್ಗು ಸಿಕ್ಕರೆ ಅನುಮಾನ ಗಟ್ಟಿ. ಖರ್ಚಿಲ್ಲದ ಪರೀಕ್ಷೆಯೊಂದಿದೆ: ಹಿಂದಿನ ಮುಂದಿನ ಚಕ್ರಗಳನ್ನು ಅದಲು ಬದಲು ಮಾಡಿಸಿ. ಸದ್ದು ಟೈರಿನ ಜೊತೆ ಜಾಗ ಬದಲಿಸಿದರೆ ತಪ್ಪು ಟೈರಿನದು. ಇದ್ದಲ್ಲೇ ಉಳಿದರೆ ಬೇರಿಂಗಿನ ಕಡೆ ನೋಡಿ.

ತಿರುಗಿಸುವಾಗ ‘ಕಟ ಕಟ’: ನಿಧಾನವಾಗಿ ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಹೋಗುವಾಗ ‘ಕಟ ಕಟ’ ಎಂದರೆ ಹೆಚ್ಚಾಗಿ ಅದು ಡ್ರೈವ್ ಶಾಫ್ಟಿನ ಜಾಯಿಂಟ್, ಬೇರಿಂಗ್ ಅಲ್ಲ.

ಕರಕರ, ಕೀರಲು: ಒಮ್ಮೆಲೇ ಶುರುವಾದ ಲೋಹ ಕೆರೆಯುವ ಸದ್ದಾದರೆ ಬ್ರೇಕ್ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಕಲ್ಲಿನ ಚೂರು ಸಿಕ್ಕಿರಬಹುದು. ಕಲ್ಲು ಕ್ವಾರಿಗಳಿರುವ, ಜಲ್ಲಿ ತುಂಬಿದ ಟಿಪ್ಪರ್‌ಗಳು ಓಡಾಡುವ ನಮ್ಮ ಕಡೆ ಇದು ನೆನಪಿಡಬೇಕಾದ ಸಂಗತಿ. ಬ್ರೇಕ್ ಪ್ಯಾಡ್ ಪೂರ್ತಿ ಸವೆದಿದ್ದರೂ ಹೀಗೇ ಕೇಳಬಹುದು.

ಯಾವ ಕಡೆಯದು: ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಚಕ್ರಗಳ ಮೇಲೆ ವಾಲುತ್ತದೆ. ಆಗ ಸದ್ದು ಜೋರಾಗಿ, ಎಡಕ್ಕೆ ತಿರುಗುವಾಗ ಕಡಿಮೆಯಾದರೆ ಎಡಗಡೆಯ ಬೇರಿಂಗಿನ ಮೇಲೆ ಅನುಮಾನ. ಇದಕ್ಕೆ ವಿರುದ್ಧವಾಗಿದ್ದರೆ ಬಲಗಡೆಯದು. ಇದು ಒಳ್ಳೆಯ ಸುಳಿವು, ಆದರೆ ಕೊನೆಯ ತೀರ್ಪಲ್ಲ. ಇದನ್ನು ತಿಳಿಯಲು ಹೆದ್ದಾರಿಯಲ್ಲಿ ಹಾವಿನಂತೆ ಓಡಿಸಬೇಡಿ. ದಾರಿಯಲ್ಲಿ ತಾನಾಗಿ ಬರುವ ತಿರುವುಗಳಲ್ಲಿ ಕಿವಿಗೊಟ್ಟರೆ ಸಾಕು.

ಎಚ್ಚರಿಕೆಯ ದೀಪ: ಭಾರತದಲ್ಲಿ ಏಪ್ರಿಲ್ 2019ರಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಅದರ ಸೆನ್ಸರ್ ಚಕ್ರದ ವೇಗ ಅಳೆಯುವುದು ಹಬ್‌ನ ಬಳಿಯಲ್ಲೇ. ಬೇರಿಂಗ್ ಸಡಿಲವಾದರೆ ಅದರ ಅಳತೆ ಕೆಟ್ಟು ಎಬಿಎಸ್ ದೀಪ ಹತ್ತಬಹುದು. ಸದ್ದು ಮತ್ತು ಈ ದೀಪ ಎರಡೂ ಸೇರಿದರೆ ತಡಮಾಡಬೇಡಿ.

ಇನ್ನೊಂದು ಮಾತು. ಸದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಮೆಕ್ಯಾನಿಕ್‌ಗೆ ಕಳಿಸುವುದು ಈಗ ರೂಢಿ. ಫೋನಿನ ಮೈಕ್ ಮಾತು ಹಿಡಿಯಲು ಹೊಂದಿಸಿರುವಂಥದ್ದು. ಬೇರಿಂಗಿನ ತಗ್ಗು ಗುಂಯ್‌ಗುಟ್ಟುವಿಕೆ ಅದರಲ್ಲಿ ಸರಿಯಾಗಿ ಬಾರದಿರಬಹುದು. ಹಾಗಾಗಿ ರೆಕಾರ್ಡಿಂಗ್ ಕೇಳಿ ಏನೂ ಇಲ್ಲ ಎಂದರೆ ನಂಬಿ ಕೂರಬೇಡಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಕಿಲೋಮೀಟರ್ ಓಡಿಸುವುದೇ ಸರಿ.

ಜಾಕ್ ಹಾಕಿ ನೋಡುವ ಪರೀಕ್ಷೆ

ಇದನ್ನು ಗ್ಯಾರೇಜಿನಲ್ಲಿ ಮಾಡಿಸಿ. ನೀವೇ ಮಾಡುವುದಾದರೆ ಸಮತಟ್ಟಾದ ಗಟ್ಟಿ ನೆಲ ಬೇಕು, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಒತ್ತು ಕೊಡಬೇಕು, ಜಾಕ್ ಜೊತೆಗೆ ಗಟ್ಟಿಯಾದ ಸ್ಟ್ಯಾಂಡ್ ಇರಲೇಬೇಕು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕಾಲು ಹಾಕಬೇಡಿ. ಮುಂದಿನ ಚಕ್ರ ಎತ್ತುವಾಗ ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಇರಲಿ. ಹಿಂದಿನ ಚಕ್ರ ನೋಡುವಾಗ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಆದ್ದರಿಂದ ಗಾಡಿಯನ್ನು ಗೇರಿನಲ್ಲಿಟ್ಟು ಮುಂದಿನ ಚಕ್ರಗಳಿಗೆ ಎರಡೂ ಕಡೆ ಒತ್ತು ಕೊಡಿ.

ಚಕ್ರವನ್ನು ಗಡಿಯಾರ ಎಂದುಕೊಂಡು 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ‘ಕಟಕ್’ ಎಂದು ಅಲುಗಿದರೆ ಪ್ಲೇ ಇದೆ ಎಂದರ್ಥ. ಇದು ಬೇರಿಂಗಿನದೋ ಬಾಲ್ ಜಾಯಿಂಟಿನದೋ ತಿಳಿಯಲು ಒಂದು ಸರಳ ಉಪಾಯವಿದೆ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್ ಸಡಿಲವಾಗಿದೆ. ಆಗಲೂ ಅಲುಗಿದರೆ ತೊಂದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ನಿನದು. 3 ಮತ್ತು 9ರ ಜಾಗದಲ್ಲಿ ಮಾತ್ರ ಅಲುಗಿದರೆ ಸ್ಟಿಯರಿಂಗಿನ ಟೈ ರಾಡ್ ಎಂಡ್ ನೋಡಿಸಿ.

ನಂತರ ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ಇಡಿ. ಒಳ್ಳೆಯ ಬೇರಿಂಗ್ ಇದ್ದರೆ ಏನೂ ತಿಳಿಯುವುದಿಲ್ಲ. ಸವೆದಿದ್ದರೆ ರಾಗಿ ಬೀಸುವಾಗ ಕಲ್ಲಿಗೆ ಕೈಯಿಟ್ಟಂತೆ ಗರಗರ ಎಂಬ ನಡುಕ ಸ್ಪ್ರಿಂಗಿನ ಮೂಲಕ ಕೈಗೆ ಬರುತ್ತದೆ. ಬ್ರೇಕ್ ಪ್ಯಾಡಿನ ಸಣ್ಣ ಉಜ್ಜುವಿಕೆಯ ಸದ್ದು ಸಹಜ, ಅದನ್ನು ಇದರ ಜೊತೆ ಸೇರಿಸಬೇಡಿ.

ಬಿಸಿಯೂ ಒಂದು ಸುಳಿವು. ಬದನಗುಪ್ಪೆಯ ಮೂಲಕ ಹೋಗುವ ಮೈಸೂರು–ಚಾಮರಾಜನಗರ ರೈಲು ಮಾರ್ಗದಂಥ ಕಡೆ, ರೈಲು ಹಾದು ಹೋಗುವಾಗ ಸಿಬ್ಬಂದಿ ಬಾವುಟ ಹಿಡಿದು ನಿಂತು ಬೋಗಿಗಳನ್ನು ನೋಡುತ್ತಿರುತ್ತಾರೆ. ಅವರು ಗಮನಿಸುವ ಸಂಗತಿಗಳಲ್ಲಿ ಒಂದು ‘ಹಾಟ್ ಆಕ್ಸಲ್’, ಅಂದರೆ ಬೇರಿಂಗ್ ಕೆಟ್ಟು ಅತಿಯಾಗಿ ಬಿಸಿಯಾದ ಅಚ್ಚು. ಕಾರಿನಲ್ಲೂ ವಿಜ್ಞಾನ ಅದೇ. ಬ್ರೇಕ್ ಹೆಚ್ಚು ಬಳಸದೆ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ನಡುಭಾಗ ಉಳಿದವುಗಳಿಗಿಂತ ತುಂಬ ಬಿಸಿಯಿದ್ದರೆ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕ್ ಕಾರಣವಿರಬಹುದು. ನೇರವಾಗಿ ಮುಟ್ಟಬೇಡಿ, ಕೈ ಸುಡುತ್ತದೆ. ಅಂಗೈಯನ್ನು ಹತ್ತಿರ ಹಿಡಿದರೆ ಶಾಖ ತಿಳಿಯುತ್ತದೆ.

ಕೇಳಿಬರುವ ಮಾತುಗಳು: ಯಾವುದು ನಿಜ, ಯಾವುದು ಸುಳ್ಳು?

“ಗ್ರೀಸ್ ಹಾಕಿದರೆ ಸರಿಹೋಗುತ್ತದೆ.” ತಪ್ಪು. ಈ ನಂಬಿಕೆ ಹುಟ್ಟಲು ಕಾರಣವಿದೆ. ಟ್ರ್ಯಾಕ್ಟರ್ ಟ್ರೈಲರ್, ಲಾರಿ ಮತ್ತು ಹಳೆಯ ಕಾಲದ ಕೆಲವು ಕಾರುಗಳಲ್ಲಿ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ, ನಟ್ ಹೊಂದಿಸುವ ಟೇಪರ್ ರೋಲರ್ ಬೇರಿಂಗ್‌ಗಳಿವೆ. ಅಲ್ಲಿ ಗ್ರೀಸ್ ಹಾಕುವುದು ನಿಯಮಿತ ಕೆಲಸ. ಈಗಿನ ಸಣ್ಣ ಕಾರಿನ ಸೀಲ್ ಮಾಡಿದ ಬೇರಿಂಗಿಗೆ ಗ್ರೀಸ್ ಒಳಹೋಗಲು ದಾರಿಯೇ ಇಲ್ಲ. ಸೀಲ್ ಕಿತ್ತು ತುಂಬಿದರೂ ಉಕ್ಕಿನಲ್ಲಿ ಬಿದ್ದ ತಗ್ಗು ಮುಚ್ಚುವುದಿಲ್ಲ. ಹೊರಗಿನಿಂದ ಎಣ್ಣೆ, ಸ್ಪ್ರೇ ಹೊಡೆಯುವುದು ಇನ್ನೂ ಅಪಾಯ, ಅದು ಬ್ರೇಕ್ ಮೇಲೆ ಬಿದ್ದರೆ ಗಾಡಿ ನಿಲ್ಲುವುದಿಲ್ಲ.

“ನಟ್ ಇನ್ನಷ್ಟು ಬಿಗಿ ಮಾಡಿದರೆ ಸಾಕು.” ಸವೆದ ಬೇರಿಂಗಿಗೆ ಇದು ತಪ್ಪು. ಇದು ಕೂಡ ಟೇಪರ್ ರೋಲರ್ ಕಾಲದ ಬುದ್ಧಿ. ನಟ್ ನಿಜವಾಗಿ ಸಡಿಲವಾಗಿದ್ದರೆ ಕಾರಣ ಹುಡುಕಬೇಕು, ಆದರೆ ಸವೆತವನ್ನು ಬಿಗಿತದಿಂದ ಮುಚ್ಚಲಾಗದು.

“ಅಲುಗದಿದ್ದರೆ ಬೇರಿಂಗ್ ಚೆನ್ನಾಗಿದೆ.” ಅರ್ಧ ನಿಜ. ಎರಡು ಸಾಲು ಗುಂಡಿನ ಬೇರಿಂಗ್ ಮೊದಲು ಸದ್ದು ಮಾಡುತ್ತದೆ, ಅಲುಗಾಟ ಬರುವುದು ಬಹಳ ಆಮೇಲೆ. ಅಲುಗುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಸದ್ದನ್ನು ತಳ್ಳಿಹಾಕಬೇಡಿ.

“ಒಂದು ಹೋದರೆ ನಾಲ್ಕೂ ಬದಲಿಸಬೇಕು.” ತಪ್ಪು. ಬ್ರೇಕ್ ಪ್ಯಾಡ್ ಎರಡೂ ಕಡೆ ಒಟ್ಟಿಗೆ ಬದಲಿಸಲು ಕಾರಣವಿದೆ, ಎರಡೂ ಬದಿ ಸಮನಾಗಿ ಹಿಡಿಯಬೇಕು. ಬೇರಿಂಗಿಗೆ ಆ ನಿಯಮವಿಲ್ಲ. ಕೆಟ್ಟದ್ದನ್ನು ಮಾತ್ರ ಬದಲಿಸಿ, ಉಳಿದವನ್ನು ಪರೀಕ್ಷಿಸಿ. ಗಾಡಿ ನೀರಿನಲ್ಲಿ ಮುಳುಗಿದ್ದರೆ ಮಾತು ಬೇರೆ, ಆಗ ಎಲ್ಲವನ್ನೂ ಅನುಮಾನದಿಂದಲೇ ನೋಡಬೇಕು.

“ಸದ್ದು ಬಂದ ದಿನವೇ ಚಕ್ರ ಕಳಚುತ್ತದೆ.” ಸಾಮಾನ್ಯವಾಗಿ ಇಲ್ಲ. ಆದರೆ ಇಷ್ಟು ಕಿಲೋಮೀಟರ್ ಓಡಿಸಬಹುದು ಎಂದು ಯಾರಾದರೂ ಲೆಕ್ಕ ಕೊಟ್ಟರೆ ಅದನ್ನೂ ನಂಬಬೇಡಿ. ಸವೆತದ ವೇಗ ಪ್ರತಿ ಗಾಡಿಗೂ ಬೇರೆ.

ಹಾಗಾದರೆ ಎಷ್ಟು ಬೇಗ ಬದಲಿಸಬೇಕು?

ಮೂರು ಹಂತಗಳಾಗಿ ನೋಡಿದರೆ ತೀರ್ಮಾನ ಸುಲಭ. ಮೊದಲ ಹಂತ: ವೇಗದಲ್ಲಿ ಮಾತ್ರ ಸಣ್ಣ ಗುಂಯ್, ಅಲುಗಾಟವಿಲ್ಲ. ಹತ್ತಿರದ ಓಡಾಟ ಮಾಡುತ್ತಾ ಕೆಲವೇ ದಿನಗಳೊಳಗೆ ಪರೀಕ್ಷೆ ಮಾಡಿಸಿ. ಊಟಿ, ವಯನಾಡು, ಮಲೆ ಮಹದೇಶ್ವರ ಬೆಟ್ಟದ ಪ್ರಯಾಣ ಇದ್ದರೆ ಮೊದಲು ರಿಪೇರಿ, ಆಮೇಲೆ ಪ್ರಯಾಣ. ಎರಡನೇ ಹಂತ: ಕಡಿಮೆ ವೇಗದಲ್ಲೂ ಗರಗರ, ನೆಲದಲ್ಲಿ ಅಥವಾ ಸ್ಟಿಯರಿಂಗಿನಲ್ಲಿ ನಡುಕ. ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಮಾತ್ರ ಹೋಗಿ. ಮೂರನೇ ಹಂತ: ಚಕ್ರ ಕೈಗೆ ಅಲುಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಚಕ್ರ ವಾಲಿದಂತೆ ಕಾಣುತ್ತದೆ, ಲೋಹ ಅರೆಯುವ ಸದ್ದಿದೆ. ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಮೂರನೇ ಹಂತದಲ್ಲಿ ಚಕ್ರ ಮಾತ್ರವಲ್ಲ, ಬ್ರೇಕೂ ಕೈಕೊಡಬಹುದು. ಬೇರಿಂಗ್ ಸಡಿಲವಾದರೆ ಬ್ರೇಕ್ ಡಿಸ್ಕ್ ಓಲಾಡುತ್ತದೆ, ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಪೆಡಲ್ ಆಳಕ್ಕೆ ಹೋಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಬದಲಿಸುವ ಕೆಲಸ ಹೇಗೆ ನಡೆಯುತ್ತದೆ?

ಮುಂದಿನ ಚಕ್ರದ ಬೇರಿಂಗ್ ಮನೆಯಲ್ಲಿ ಮಾಡುವ ಕೆಲಸವಲ್ಲ, ಅದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಸಣ್ಣ ಗ್ಯಾರೇಜುಗಳಲ್ಲಿ ಪ್ರೆಸ್ ಇಲ್ಲದಿದ್ದರೆ ನಕಲ್ ಬಿಚ್ಚಿ ಪ್ರೆಸ್ ಇರುವ ಲೇತ್ ಅಂಗಡಿಗೆ ಕೊಂಡೊಯ್ಯಬಹುದು, ಅದರಲ್ಲಿ ತಪ್ಪೇನಿಲ್ಲ. ನೀವು ಮಾಡದಿದ್ದರೂ ಹೇಗೆ ಮಾಡುತ್ತಾರೆ ಎಂದು ತಿಳಿದಿದ್ದರೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಬಹುದು.

ಮೊದಲು ಚಕ್ರ ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ ಸಡಿಲಿಸುತ್ತಾರೆ. ಆಮೇಲೆ ಗಾಡಿ ಎತ್ತಿ ಚಕ್ರ, ಬ್ರೇಕ್ ಕ್ಯಾಲಿಪರ್, ಡಿಸ್ಕ್ ತೆಗೆಯುತ್ತಾರೆ. ಕ್ಯಾಲಿಪರನ್ನು ಬ್ರೇಕ್ ಪೈಪಿನಲ್ಲಿ ನೇತುಬಿಡದೆ ತಂತಿಯಿಂದ ಕಟ್ಟಬೇಕು. ಎಬಿಎಸ್ ಸೆನ್ಸರ್, ಟೈ ರಾಡ್, ಬಾಲ್ ಜಾಯಿಂಟ್ ಬಿಡಿಸಿ ನಕಲ್ ಹೊರತೆಗೆಯುತ್ತಾರೆ. ಪ್ರೆಸ್‌ನಲ್ಲಿ ಹಬ್ ಹೊರಗೆ ಬರುತ್ತದೆ. ಬೇರಿಂಗಿನ ಒಳಬಳೆ ಹಲವು ಸಲ ಹಬ್‌ಗೇ ಅಂಟಿಕೊಂಡು ಬರುತ್ತದೆ, ಅದನ್ನು ಪುಲ್ಲರ್‌ನಿಂದ ತೆಗೆಯಬೇಕು. ಸರ್ಕ್ಲಿಪ್ ಬಿಚ್ಚಿ ಹಳೆಯ ಬೇರಿಂಗ್ ಒತ್ತಿ ತೆಗೆದು, ಗೂಡನ್ನು ಒರೆಸಿ ಸ್ವಚ್ಛ ಮಾಡುತ್ತಾರೆ. ಗೂಡು ಅಥವಾ ಹಬ್ ಸವೆದಿದ್ದರೆ ಅಲ್ಲಿ ಹೊಸ ಬೇರಿಂಗ್ ನಿಲ್ಲುವುದಿಲ್ಲ, ಆ ಭಾಗವನ್ನೂ ಬದಲಿಸಬೇಕಾಗುತ್ತದೆ.

ಹೊಸದು ಕೂರಿಸುವಾಗ ಒಂದು ನಿಯಮವಿದೆ, ಇಡೀ ಕೆಲಸದ ಜೀವಾಳ ಅದೇ. ಒತ್ತುವ ಬಲ ಗುಂಡುಗಳ ಮೂಲಕ ಹಾಯಬಾರದು. ಬೇರಿಂಗನ್ನು ನಕಲ್ ಒಳಗೆ ಒತ್ತುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಬೇಕು. ಹಬ್ ಒಳಗೆ ತೂರಿಸುವಾಗ ಒಳಬಳೆಗೆ ಕೆಳಗಿನಿಂದ ಆಧಾರ ಕೊಡಬೇಕು. ಇದು ತಪ್ಪಿದರೆ ಟನ್‌ಗಟ್ಟಲೆ ಬಲ ಗುಂಡುಗಳ ಮೂಲಕ ಹಾದು ಉರುಳುವ ಹಾದಿಯಲ್ಲಿ ತಗ್ಗು ಬೀಳುತ್ತದೆ. ಹೊರಗೆ ನೋಡಿದರೆ ಬೇರಿಂಗ್ ಹೊಸದೇ, ಒಳಗೆ ಆಗಲೇ ಗುಂಡಿ ಬಿದ್ದ ರಸ್ತೆ. ಸುತ್ತಿಗೆಯಿಂದ ಬಡಿದು ಕೂರಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಗ್ಯಾಸ್ ಬೆಂಕಿಯಿಂದ ಬೇರಿಂಗನ್ನು ಕಾಯಿಸಿದರೆ ಸೀಲ್ ಮತ್ತು ಗ್ರೀಸ್ ಸುಟ್ಟುಹೋಗುತ್ತದೆ.

ಎಬಿಎಸ್ ಇರುವ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಕಾಂತೀಯ ಪಟ್ಟಿ ಇರುತ್ತದೆ. ಆ ಬದಿ ಸೆನ್ಸರ್ ಕಡೆಗೇ ಬರಬೇಕು. ತಿರುಗುಮುರುಗು ಕೂರಿಸಿದರೆ ಎಬಿಎಸ್ ಕೆಲಸ ಮಾಡುವುದಿಲ್ಲ.

ಕೊನೆಯದಾಗಿ ನಡುವಿನ ನಟ್. ಒಮ್ಮೆ ತಟ್ಟಿ ಲಾಕ್ ಮಾಡಿದ ನಟ್ ಮತ್ತೆ ಬಳಸಬಾರದು, ಹೊಸದು ಹಾಕಬೇಕು. ಬಿಗಿತ ಕಂಪನಿ ಹೇಳಿದಷ್ಟೇ ಇರಬೇಕು, ಟಾರ್ಕ್ ರೆಂಚ್‌ನಿಂದ ಅಳೆದು ಬಿಗಿಯಬೇಕು. ಪಾನಾಕ್ಕೆ ಪೈಪ್ ಸಿಕ್ಕಿಸಿ ಅಂದಾಜಿನಲ್ಲಿ ಎಳೆಯುವುದು ಸರಿಯಲ್ಲ. ಈ ನಟ್ ಬಿಗಿಯಾಗುವ ಮೊದಲು ಗಾಡಿಯ ಭಾರವನ್ನು ಆ ಚಕ್ರದ ಮೇಲೆ ಇಳಿಸಿ ಉರುಳಿಸಬಾರದು.

ಹಿಂದಿನ ಚಕ್ರದ ಕೆಲಸ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕೆಲವು ಕಾರುಗಳಲ್ಲಿ ಬೇರಿಂಗ್ ಬ್ರೇಕ್ ಡ್ರಮ್ ಒಳಗೇ ಇರುತ್ತದೆ. ಕೆಲವದರಲ್ಲಿ ಹಬ್ ಮತ್ತು ಬೇರಿಂಗ್ ಒಂದೇ ತುಂಡಾಗಿ ಬೋಲ್ಟಿನಿಂದ ಕೂರುತ್ತದೆ, ಅಲ್ಲಿ ಪ್ರೆಸ್ ಬೇಕಾಗುವುದಿಲ್ಲ.

ಗ್ಯಾರೇಜಿನಲ್ಲಿ ಈ ಪ್ರಶ್ನೆ ಕೇಳಿ

- ಯಾವ ಚಕ್ರದ್ದು ಎಂದು ಹೇಗೆ ತೀರ್ಮಾನಿಸಿದಿರಿ? ಟೈರ್ ಅಲ್ಲ ಎಂದು ನೋಡಿದಿರಾ?
- ಬೇರಿಂಗ್ ಪ್ರೆಸ್‌ನಲ್ಲಿ ಕೂರಿಸುತ್ತೀರಾ, ಸುತ್ತಿಗೆಯಲ್ಲಾ?
- ಹೊಸ ನಟ್ ಮತ್ತು ಸರ್ಕ್ಲಿಪ್ ಹಾಕುತ್ತೀರಾ?
- ಹೊಸ ಬೇರಿಂಗಿನ ಡಬ್ಬಿ, ಬಿಲ್ ಮತ್ತು ಹಳೆಯ ಬೇರಿಂಗ್ ಕೊಡುತ್ತೀರಾ?
- ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ನೋಡುತ್ತೀರಾ?

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಹೆಸರಾಂತ ಕಂಪನಿಗಳ ಹೆಸರಿನಲ್ಲಿ ನಕಲಿ ಬೇರಿಂಗ್ ಬರುವುದು ಜಗತ್ತಿನೆಲ್ಲೆಡೆ ಇರುವ ಸಮಸ್ಯೆ. ಅಧಿಕೃತ ಅಂಗಡಿಯಿಂದ ಬಿಲ್ ಸಮೇತ ಕೊಳ್ಳುವುದೇ ಇದಕ್ಕೆ ಸುಲಭದ ರಕ್ಷಣೆ. ಡಬ್ಬಿಯ ಮೇಲಿನ ನಂಬರ್ ಮತ್ತು ಬಳೆಯ ಮೇಲೆ ಕೆತ್ತಿದ ನಂಬರ್ ತಾಳೆಯಾಗುತ್ತದೆಯೇ ನೋಡಿ.

ಬದಲಿಸಿದ ನಂತರ 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳ ಬಿಗಿತ ಇನ್ನೊಮ್ಮೆ ನೋಡಿಸಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

ವೇಗದ ಜೊತೆ ಏರಿಳಿಯುವ ಗುಂಯ್ ಸದ್ದು ಬಂದರೆ ಮೊದಲು ಟೈರ್ ನೋಡಿ, ಆಮೇಲೆ ಬೇರಿಂಗ್. ಸೀಲ್ ಮಾಡಿದ ಬೇರಿಂಗಿಗೆ ಗ್ರೀಸ್ ಮದ್ದಲ್ಲ. ಅಲುಗಾಟ ಇಲ್ಲ ಎಂದು ನಿಶ್ಚಿಂತೆ ಬೇಡ, ಅಲುಗಾಟ ಇದ್ದರೆ ಓಡಿಸುವುದೇ ಬೇಡ. ಕೆಟ್ಟ ಒಂದನ್ನು ಬದಲಿಸಿ, ನಾಲ್ಕನ್ನಲ್ಲ. ಕೂರಿಸಲು ಪ್ರೆಸ್ ಇರಲಿ, ಸುತ್ತಿಗೆ ಬೇಡ. ಘಾಟಿ ಅಥವಾ ಕಾಡಿನ ದಾರಿ ಹಿಡಿಯುವ ಮೊದಲು ಒಂದೈದು ನಿಮಿಷ ರೇಡಿಯೋ ಆಫ್ ಮಾಡಿ, ಗಾಜು ಇಳಿಸಿ, ನಿಮ್ಮ ಗಾಡಿಯ ಸದ್ದಿಗೆ ಕಿವಿಗೊಡಿ.